ಚರ್ಮವೈದ್ಯರ ಲೆಕ್ಕಪತ್ರವನ್ನು ಓದುವುದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿ ಮಗನ ಮನೆಯಲ್ಲಿರುವ ನನ್ನ ಅಕ್ಕನಿಗೆ ಅಲ್ಲಿನ ಸರ್ಕಾರ ಮುಖ್ಯವಾಗಿ ಹಿರಿಯರಿಗೆ ಕೊಡುವ ಮೆಡಿಕೇರ್ ಆರೋಗ್ಯ ವಿಮೆಯಿದೆ. ಅಲ್ಲಿನ ಚರ್ಮವೈದ್ಯರು ಪ್ರತಿ ಭೇಟಿಯಲ್ಲೂ ಮುಖದ ಮಚ್ಚೆಗಳನ್ನು ಹೆಪ್ಪುಗಟ್ಟಿಸಿ ತೆಗೆಯಲು ದ್ರವ ಸಾರಜನಕ ಹಾಕುತ್ತಾರೆ. ಇದು ಅತಿಯಾಯಿತೇ ಎಂದು ಸರ್ಕಾರಿ ದಾಖಲೆಗಳಿಂದ ತಿಳಿಯಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಸ್ವಲ್ಪಮಟ್ಟಿಗೆ ತಿಳಿಯಬಹುದು. ವೈದ್ಯರು ಯಾವ ಚಿಕಿತ್ಸೆಯನ್ನು ಎಷ್ಟು ರೋಗಿಗಳಿಗೆ ಎಷ್ಟು ಬಾರಿ ನೀಡಿದರು, ಸರಾಸರಿ ಎಷ್ಟು ಹಣ ಪಡೆದರು ಎಂಬುದನ್ನು ಮೆಡಿಕೇರ್ ವರ್ಷವಾರು ಪ್ರಕಟಿಸುತ್ತದೆ. ಕ್ಯಾನ್ಸರಿಗೆ ತಿರುಗಬಹುದಾದ ಆಕ್ಟಿನಿಕ್ ಕೆರಟೋಸಿಸ್ ಮಚ್ಚೆಗಳು ಎಂಟಿದ್ದರೆ, ಮೊದಲನೆಯದಕ್ಕೆ 17000 ಎಂಬ ಬಿಲ್ಲಿನ ಸಂಕೇತ ಒಮ್ಮೆಯೂ ಉಳಿದವುಗಳಿಗೆ 17003 ಏಳು ಬಾರಿಯೂ ದಾಖಲಾಗುವುದರಿಂದ, ದೊಡ್ಡ ಸಂಖ್ಯೆ ಕಂಡ ಮಾತ್ರಕ್ಕೆ ವೈದ್ಯರನ್ನು ಶಂಕಿಸುವುದು ಅನ್ಯಾಯ. ಸೇವೆಗಳನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ, ಅದೇ ರಾಜ್ಯದ ಇತರ ಚರ್ಮವೈದ್ಯರೊಂದಿಗೆ ಹೋಲಿಸಿ. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ರೋಗಿಗಳು ಈ ಲೆಕ್ಕದಲ್ಲಿಲ್ಲ. ಒಬ್ಬ ವೈದ್ಯರು ಒಂದು ಚಿಕಿತ್ಸೆಯನ್ನು ಹತ್ತು ಅಥವಾ ಅದಕ್ಕಿಂತ ಕಡಿಮೆ ರೋಗಿಗಳಿಗೆ ನೀಡಿದ್ದರೆ ಆ ಸಾಲನ್ನೂ ಕೈಬಿಟ್ಟಿರುತ್ತಾರೆ.

ಔಷಧ ಕಂಪನಿಗಳು ವೈದ್ಯರಿಗೆ ಕೊಟ್ಟ ಹಣದ ವಿವರ 2014ರಿಂದ ಪ್ರಕಟವಾಗುತ್ತಿರುವ ಓಪನ್ ಪೇಮೆಂಟ್ಸ್ ಎಂಬ ಅಮೆರಿಕ ಸರ್ಕಾರದ ದಾಖಲೆಯಲ್ಲಿದೆ. ಅಲ್ಲೊಂದು ಇಲ್ಲೊಂದು ಊಟದ ಖರ್ಚಿಗಿಂತ, ಒಂದೇ ಕಂಪನಿಯಿಂದ ವರ್ಷವರ್ಷವೂ ಬರುವ ಭಾಷಣ ಮತ್ತು ಸಲಹಾ ಶುಲ್ಕವನ್ನು ಗಮನಿಸಿ. ಸಂಶೋಧನೆಯ ಹಣ ಪ್ರತ್ಯೇಕವಾಗಿರುತ್ತದೆ. ನಮ್ಮ ಮಡಿಕೇರಿಯ ವೈದ್ಯರ ವಿಷಯದಲ್ಲಿ ಇಂತಹ ದಾಖಲೆ ಸಿಗುವುದಿಲ್ಲ. ಸಿಗಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಚಿಕಿತ್ಸೆ ಅಗತ್ಯವಿತ್ತೇ ಎಂಬುದನ್ನು ಮಾತ್ರ ಈ ಅಂಕಿಗಳು ಹೇಳಲಾರವು. ಪ್ರತಿ ಮಚ್ಚೆಯ ರೋಗನಿರ್ಣಯವೇನು, ಕಾದು ನೋಡಬಹುದೇ ಎಂದು ಅಕ್ಕ ಮುಂದಿನ ಭೇಟಿಯಲ್ಲಿ ವೈದ್ಯರನ್ನೇ ಕೇಳಲಿ.