ಆ ರಿವಾಲ್ವಿಂಗ್ ಕುರ್ಚಿಗೆ ಹಣ ಕಟ್ಟಬೇಡಿ

ಸರ್, ತಪ್ಪು ತಿಳಿಯಬೇಡಿ. ನಿಮ್ಮ ಪ್ರಯೋಗಾಲಯಕ್ಕೆ ಕುರ್ಚಿ ಕೊಳ್ಳಲು ನೀವು ಪೋಸ್ಟ್ ಹಾಕಿರುವ ಕೊಟೇಷನ್ ನೋಡಿ ಸುಮ್ಮನಿರಲು ಆಗಲಿಲ್ಲ. ಇಇಜಿ (ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಅಲೆ ಅಳೆಯುವುದು) ಮತ್ತು ಪ್ರತಿಕ್ರಿಯಾ ಸಮಯದ ಪ್ರಯೋಗಕ್ಕೆ ಬರುವವರು ಕೂರಲೆಂದು ಐದು ಚಕ್ರದ, ಎತ್ತರದ ಬೆನ್ನಿನ, ತಲೆಗೆ ದಿಂಬಿರುವ ರಿವಾಲ್ವಿಂಗ್ ಕುರ್ಚಿ ಆರಿಸಿದ್ದೀರಿ. ‘ಭಾಗವಹಿಸುವವರಿಗೆ ಆರಾಮವಾಗಿರಲಿ’ ಎಂದು ಕಾರಣವನ್ನೂ ಬರೆದಿದ್ದೀರಿ. ಕಲಬುರಗಿಯ ನಮ್ಮ ಪ್ರಯೋಗಾಲಯಕ್ಕೂ ಮೊದಲು ಬಂದದ್ದು ಇದೇ ಜಾತಿಯ ಕುರ್ಚಿ. ಈಗ ಅದರಲ್ಲಿ ನಮ್ಮ ಗುಮಾಸ್ತರು ಕೂರುತ್ತಾರೆ, ಅವರಿಗೆ ಅದು ಒಪ್ಪುತ್ತದೆ.

ತಿರುಗುವ ಕುರ್ಚಿಯಲ್ಲಿ ಕುಳಿತ ಮನುಷ್ಯ ಸುಮ್ಮನಿರುವುದಿಲ್ಲ. ಬಟನ್ ಒತ್ತುವಾಗ ಸೊಂಟ ಒಂದಿಷ್ಟು ತಿರುಗುತ್ತದೆ, ಬೇಸರ ಬಂದರೆ ಹಿಂದಕ್ಕೆ ಒರಗಿ ತೂಗಲು ಶುರು ಮಾಡುತ್ತಾನೆ. ನಮ್ಮ ಕೋಣೆಯಲ್ಲಿ ಶಹಾಬಾದ್ ಫರಸಿ ಹಾಸಿದೆ. ತೊಳೆದ ನೀರು ಹರಿದುಹೋಗಲೆಂದು ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟಿದ್ದಾರೆ. ಪ್ರಯೋಗ ಮುಗಿಯುವ ಹೊತ್ತಿಗೆ ಕುರ್ಚಿ ಪರದೆಯಿಂದ ಒಂದು ಗೇಣು ಹಿಂದೆ ಸರಿದಿರುತ್ತಿತ್ತು. ಕುಳಿತವರಿಗೂ ಗೊತ್ತಿಲ್ಲ, ಗಣಕದ ಮುಂದಿದ್ದ ನಮಗೂ ಗೊತ್ತಿಲ್ಲ.

ಕಣ್ಣಿಗೂ ಪರದೆಗೂ ನಡುವೆ 57 ಸೆಂಟಿಮೀಟರ್ ದೂರವನ್ನು ನಾವೆಲ್ಲ ಯಾಕೆ ಹಿಡಿದುಕೊಂಡಿದ್ದೇವೆ? ಆ ದೂರದಲ್ಲಿ ಪರದೆಯ ಮೇಲಿನ 1 ಸೆಂಟಿಮೀಟರ್ ಕಣ್ಣಿನಲ್ಲಿ ಹೆಚ್ಚುಕಡಿಮೆ 1 ಡಿಗ್ರಿ ಕೋನ ಮಾಡುತ್ತದೆ ಎಂದು ತಾನೇ? ಕುಳಿತವರು 10 ಸೆಂಟಿಮೀಟರ್ ಮುಂದೆ ಬಾಗಿದರೆ ಅದೇ ಚಿತ್ರ 1.2 ಡಿಗ್ರಿ ದಾಟುತ್ತದೆ. ಪ್ರಬಂಧದಲ್ಲಿ ಮಾತ್ರ ‘1 ಡಿಗ್ರಿ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಗದ್ದದ ಆಸರೆ ಹಾಕಿದರೆ ಸಾಕು ಎನ್ನಬೇಡಿ. ತಲೆ ಅಲ್ಲೇ ನಿಂತು ಕೆಳಗೆ ಕುರ್ಚಿ ಸರಿದರೆ ಕುತ್ತಿಗೆ ಬಿಗಿಯುತ್ತದೆ, ಆ ಸ್ನಾಯುವಿನ ಗದ್ದಲವೆಲ್ಲ ಇಇಜಿಯಲ್ಲಿ ಬಂದು ಕೂರುತ್ತದೆ.

ಇನ್ನು ಆ ತಲೆದಿಂಬು. ಅದು ಒತ್ತುವುದು ಸರಿಯಾಗಿ ಹಿಂದಲೆಯ ಒ1, ಒ2 ಎಂಬ ವಿದ್ಯುದಗ್ರಗಳ (ಇಇಜಿಯ ಎಲೆಕ್ಟ್ರೋಡ್) ಮೇಲೆ. ಕಣ್ಣು ಮುಚ್ಚಿ ಆರಾಮವಾಗಿದ್ದಾಗ ಮಿದುಳಿನಲ್ಲಿ ಏಳುವ ಆಲ್ಫಾ ಅಲೆ ಚೆನ್ನಾಗಿ ಸಿಗುವುದೇ ಅಲ್ಲಿ. ಹಾಗಾಗಿ ಬೆನ್ನಿನ ಆಸರೆ ಹೆಗಲ ಮಟ್ಟಕ್ಕೆ ನಿಲ್ಲಬೇಕು. ಪ್ರಯೋಗ ಉದ್ದವಾಗಿದ್ದರೆ ಟವೆಲ್ ಸುರುಳಿ ಸುತ್ತಿ, ವಿದ್ಯುದಗ್ರಗಳಿರುವ ಟೋಪಿಯ ಅಂಚಿಗಿಂತ ಕೆಳಗೆ, ಕುತ್ತಿಗೆಯ ಹಿಂದೆ ಕೊಡಿ.

ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಕಪನೂರು ಕೈಗಾರಿಕಾ ಪ್ರದೇಶದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ನಾಲ್ಕು ಕಾಲಿನ ಕುರ್ಚಿ. ಕೈ ಆಸರೆ ಇದೆ, ಬೆನ್ನು ಸ್ವಲ್ಪವೇ ಹಿಂದಕ್ಕೆ ವಾಲಿದೆ, ನಟ್ಟುಗಳಿಗೆಲ್ಲ ರಬ್ಬರ್ ವಾಷರ್ ಹಾಕಿಸಿದ್ದೇವೆ. ಕಿರ್ ಎನ್ನುವ ಕುರ್ಚಿಯು ಶಬ್ದ ಕೇಳಿಸುವ ಪ್ರಯೋಗವನ್ನು ಹಾಳು ಮಾಡುತ್ತದೆ. ಫರಸಿಗೆ ರಂಧ್ರ ಕೊರೆಯಲು ಹೋಗಬೇಡಿ, ಸೀಳುತ್ತದೆ. ದಪ್ಪ ಪ್ಲೈವುಡ್ ಹಲಗೆಯೊಂದನ್ನು ಹಾಸಿ, ಕುರ್ಚಿಯ ಕಾಲು ಕೂರುವಂತೆ ನಾಲ್ಕು ಗುಳಿ ಮಾಡಿಸಿ, ಮೇಜಿನ ಕಾಲುಗಳನ್ನೂ ಅದೇ ಹಲಗೆಯ ಮೇಲೆ ಕೂರಿಸಿ. ನೆಲ ಹೇಗೇ ಇರಲಿ, ಎರಡರ ನಡುವಿನ ಅಂತರ ಬದಲಾಗುವುದಿಲ್ಲ. ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡುವವರೂ ಇದ್ದಾರೆ. ಕಸ ಗುಡಿಸುವವರು ಅದನ್ನು ಕಿತ್ತು ಎಸೆದ ದಿನ ಗೊತ್ತಾಗುತ್ತದೆ.

ಎತ್ತರವನ್ನು ಕುರ್ಚಿಯಲ್ಲಿ ಹೊಂದಿಸಬೇಡಿ. ಪರದೆ ಮತ್ತು ಗದ್ದದ ಆಸರೆಯನ್ನು ಮೇಲೆ ಕೆಳಗೆ ಮಾಡಿ, ಪಾದದ ಕೆಳಗೆ ಪೀಠ ಕೊಡಿ. ಅಂಗಡಿಯ ಕುರ್ಚಿಗಳ ಆಸನ ಸಾಮಾನ್ಯವಾಗಿ 45 ಸೆಂಟಿಮೀಟರ್ ಎತ್ತರ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ಅದರಲ್ಲಿ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ತೊಡೆಯ ಕೆಳಗೆ ಅಂಚು ಒತ್ತಿ ಕಾಲು ಜೋಮು ಹಿಡಿಯುತ್ತದೆ, ಹಾಗಾಗಿ ಮುಂದೆ ಸರಿದು ತುದಿಯಲ್ಲಿ ಕೂರುತ್ತಾರೆ. ಬೆನ್ನಿನ ಆಸರೆ ಇದ್ದೂ ಇಲ್ಲದಂತೆ. ಮೊಣಕಾಲಿನ ಹಿಂಭಾಗಕ್ಕೂ ಆಸನದ ಅಂಚಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಇದನ್ನು ಅಂಗಡಿಯಲ್ಲಿ ಕುಳ್ಳಗಿರುವವರನ್ನು ಕೂರಿಸಿ ನೋಡಿ, ನೀವು ಕುಳಿತು ಅಲ್ಲ.

ಪೀಠಕ್ಕೆ ನಾವು ಮೊದಲು ಹೊಸ ಮಣೆ ತಂದಿಟ್ಟಿದ್ದೆವು. ಆಳಂದ ಕಡೆಯ ಅಜ್ಜಿಯೊಬ್ಬರು ಬಂದರು. ಮಣೆಯನ್ನು ನೋಡಿ ಪಾದ ಹಿಂದಕ್ಕೆಳೆದುಕೊಂಡು, ‘ಇದರ ಮೇಲೆ ಕಾಲಿಡುವುದೇ?’ ಎಂದು ಸೆರಗು ಸರಿಮಾಡಿಕೊಂಡು ಕೂತೇಬಿಟ್ಟರು. ಒತ್ತಾಯ ಮಾಡಲಿಲ್ಲ. ಈಗ ಪ್ಲೈವುಡ್‌ನ ಮೂರು ಎತ್ತರದ ಪೆಟ್ಟಿಗೆಗಳಿವೆ, ಮೇಲೆ ರಬ್ಬರ್ ಚಾಪೆ ಅಂಟಿಸಿದೆ, ಯಾರೂ ತಕರಾರು ಮಾಡುವುದಿಲ್ಲ. ಕಾಲು ಮಡಚಿ ಕೂತೇ ರೂಢಿಯಿರುವ ಹಿರಿಯರು ಕುರ್ಚಿಯ ಮೇಲೂ ಒಂದು ಕಾಲು ಮಡಚುತ್ತಾರೆ. ಗದರಿಸಬೇಡಿ. ಪ್ರಯೋಗಕ್ಕೆ ಮುನ್ನ ಒಮ್ಮೆ ಕೂರುವ ಬಗೆ ತೋರಿಸಿ, ನಡುವೆ ಎದ್ದು ಓಡಾಡಲು ಬಿಡುವು ಕೊಡಿ. ಬೇಕಾದಾಗ ಎದ್ದು ಹೋಗುವ ಹಕ್ಕು ಅವರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ, ಎಷ್ಟು ಹೊತ್ತು ಕೂರಬೇಕು ಎನ್ನುವುದನ್ನು ಒಪ್ಪಿಗೆ ಪತ್ರದಲ್ಲೇ ಬರೆಯಿರಿ.

ರೆಕ್ಸಿನ್ ಹೊದಿಕೆ ಬೇಡವೇ ಬೇಡ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಬೆನ್ನು ಬೆವರಿ ಅಂಟುತ್ತದೆ, ಇಇಜಿಯ ಗೆರೆ ನಿಧಾನವಾಗಿ ತೇಲಾಡುತ್ತದೆ, ಬೆವರಿನೊಂದಿಗೆ ಏರಿಳಿಯುವ ಚರ್ಮದ ವಿದ್ಯುತ್ ವಾಹಕತೆ ಅಳೆಯುವವರ ಗೋಳಂತೂ ಕೇಳಬೇಡಿ. ಸ್ಪಿರಿಟ್‌ನಿಂದ ಪದೇಪದೇ ಒರೆಸಿದರೆ ರೆಕ್ಸಿನ್ ಬಿರುಕು ಬಿಡುವುದು ಬೇರೆ. ಗಟ್ಟಿ ಫೋಮ್ ಹಾಕಿಸಿ, ಮೇಲೆ ಲಾಡಿ ಕಟ್ಟುವ ಹತ್ತಿಯ ಗವಸು ಹೊಲಿಸಿ, ವಿದ್ಯುದಗ್ರಕ್ಕೆ ಹಚ್ಚುವ ಜೆಲ್ ಬಿದ್ದರೆ ಒಗೆಯಲು ಬಿಚ್ಚಿಕೊಡಬಹುದು. ಸೋಫಾದಂತೆ ಮೆತ್ತಗಾದರೆ ತೂಕಡಿಕೆ ಬರುತ್ತದೆ, ಮೊಣಕಾಲು ನೋವಿನವರಿಗೆ ಏಳಲೂ ಆಗುವುದಿಲ್ಲ. ಮೋಟರ್ ಇರುವ ರಿಕ್ಲೈನರ್ ತೋರಿಸಿದರೆ ಬೇಡವೆನ್ನಿ, ಕರೆಂಟಿನ 50 ಹರ್ಟ್ಜ್ ಗದ್ದಲ ಈಗಾಗಲೇ ನಮಗೆ ಸಾಕಷ್ಟಿದೆ.

ನೀಲ್‌ಕಮಲ್ ಪ್ಲಾಸ್ಟಿಕ್ ಕುರ್ಚಿ ಸಾಕಲ್ಲವೇ ಎಂದು ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಕೇಳಿದ್ದಾರೆ. ಹೊರಗೆ ಕಾಯುವವರಿಗೆ ಸಾಕು. ಒಳಗೆ, ಹಗುರವಾದ್ದರಿಂದ ಕುಳಿತವರೊಂದಿಗೆ ಅದೂ ಸರಿಯುತ್ತದೆ. ಗೋದ್ರೆಜ್‌ನ ಹಳೆಯ ಉಕ್ಕಿನ ಕುರ್ಚಿ ನಿಮ್ಮ ಉಗ್ರಾಣದಲ್ಲಿ ಬಿದ್ದಿದ್ದರೆ ನನ್ನ ಮತ ಅದಕ್ಕೆ, ಗವಸು ಹೊಲಿಸಿಕೊಂಡು ಹಾಕಿ. ಬರೆಯುವ ಹಲಗೆ ಬಲಗಡೆ ಇರುವ ತರಗತಿಯ ಕುರ್ಚಿಯಲ್ಲಿ ಎಡಗೈ ಬಳಸುವವರನ್ನು ಕೂರಿಸಿ ಪ್ರತಿಕ್ರಿಯಾ ಸಮಯ ಅಳೆಯುವುದು ಶುದ್ಧ ಅನ್ಯಾಯ. ದಪ್ಪಗಿರುವವರಿಗಾಗಿ ಕೈ ಆಸರೆ ಇಲ್ಲದ ಅಗಲದ ಕುರ್ಚಿಯೊಂದು ಇರಲಿ. ಗಾಲಿಕುರ್ಚಿಯಲ್ಲಿ ಬಂದವರನ್ನು ಇಳಿಸಿ ಕೂರಿಸುವ ಗೋಜಿಗೆ ಹೋಗಬೇಡಿ, ನಿಮ್ಮ ಕುರ್ಚಿಯನ್ನು ತೆಗೆದರೆ ಅವರದು ಒಳಗೆ ಬರುವಂತಿರಲಿ, ಬ್ರೇಕ್ ಹಾಕಿಸಿ.

ಅದೇ ಕೋಣೆಯಲ್ಲಿ ರಕ್ತದೊತ್ತಡವನ್ನೂ ನೋಡುವುದಾದರೆ ಸ್ಟೂಲ್ ಮೇಲೆ ಕೂರಿಸಬೇಡಿ. ಬೆನ್ನಿಗೆ ಆಸರೆ, ಪಾದ ಸಮತಟ್ಟು, ಕಾಲ ಮೇಲೆ ಕಾಲಿಲ್ಲ, ತೋಳು ಹೃದಯದ ಮಟ್ಟದಲ್ಲಿ, 5 ನಿಮಿಷ ಮಾತಿಲ್ಲದೆ ವಿಶ್ರಾಂತಿ. ಇವು ತಪ್ಪಿದರೆ ಅಂಕಿ ಸುಮ್ಮನೆ ಮೇಲೇರುತ್ತದೆ.

ಕುರ್ಚಿಗೆ ಸಂಬಂಧವಿಲ್ಲ, ಆದರೂ ಹೇಳುತ್ತೇನೆ: ತಲೆಗೆ ಎಣ್ಣೆ ಹಚ್ಚದೆ ಬರಲು ಹಿಂದಿನ ದಿನವೇ ಫೋನ್ ಮಾಡಿ. ಬಾಯಲ್ಲಿ ಎಲೆ ಅಡಿಕೆ ಇದ್ದರೆ ದವಡೆಯ ಸ್ನಾಯು ಇಇಜಿಯಲ್ಲಿ ಕುಣಿಯುತ್ತದೆ, ಉಗುಳಿ ಬರಲು ಮರ್ಯಾದೆಯಿಂದ ಹೇಳಿ. ತೊಗರಿ ರಾಶಿಯ ದಿನಗಳಲ್ಲಿ ಹಳ್ಳಿಯವರನ್ನು ಕರೆಯಬೇಡಿ, ಬಂದರೂ ಮನಸ್ಸೆಲ್ಲ ಕಣದಲ್ಲೇ ಇರುತ್ತದೆ. ಬಾಗಿಲಿಗೆ ಬೆನ್ನು ಹಾಕಿ ಕೂರಿಸಬೇಡಿ, ಹೆಣ್ಣುಮಕ್ಕಳು ಶಬ್ದವಾದಾಗಲೆಲ್ಲ ಹಿಂದೆ ತಿರುಗುತ್ತಾರೆ. ನಿಮ್ಮ ಕುರ್ಚಿ ಸಿಂಹಾಸನದಂತಿದ್ದು ಅವರದು ಬೆಂಚಾದರೆ ಮುದುಡಿ ತುದಿಯಲ್ಲೇ ಕೂರುತ್ತಾರೆ, ಅದನ್ನೂ ಗಮನಿಸಿ.

ಇಇಜಿ ಸಂಕೇತ ಹಿಗ್ಗಿಸುವ ಲಕ್ಷಾಂತರ ರೂಪಾಯಿಯ ಆಂಪ್ಲಿಫೈಯರ್ ತರಿಸಿ ಕುರ್ಚಿಯನ್ನು ಮೂರು ಕೊಟೇಷನ್‌ನ ಕಡಿಮೆ ದರಕ್ಕೆ ಬಿಟ್ಟರೆ, ಆನೆ ಕೊಂಡವರು ಅಂಕುಶಕ್ಕೆ ಚೌಕಾಸಿ ಮಾಡಿದಂತೆ. ಆರ್ಡರ್ ಈಗಾಗಲೇ ಹೋಗಿದ್ದರೆ ಚಕ್ರಗಳನ್ನು ಕಳಚಿ ಗುಂಡುಪಾದ ಹಾಕಿಸಿ, ತಲೆದಿಂಬು ಬಿಚ್ಚಿಸಿ, ಹಿಂದಕ್ಕೆ ತೂಗಿಸುವ ಲಿವರನ್ನು ಬಿಗಿ ಮಾಡಿಸಿ. ತಿರುಗುವುದು ಮಾತ್ರ ನಿಲ್ಲುವುದಿಲ್ಲ. ಕೋಣೆಯ ಮತ್ತು ಮೇಜಿನ ಅಳತೆ ಇಲ್ಲಿ ಹಾಕಿ, ಹಲಗೆಯ ನಕ್ಷೆ ಬರೆದು ಕಳುಹಿಸುತ್ತೇನೆ.