ಏಳನೇ ಕ್ಲಾಸು ಓದಿದ ಅಪ್ಪ ಮೀಟಿಂಗಿಗೆ ಹೋಗಿ ಏನು ಕೇಳಬೇಕು?

ನೀವು ಓದಿದ್ದು ಏಳನೇ ಕ್ಲಾಸು, ಮಗಳು ಎಸ್ಸೆಸ್ಸೆಲ್ಸಿ, ಪೋಷಕರ ಸಭೆಗೆ ಹೋಗಿ ಏನು ಮಾತಾಡಲಿ ಅಂತ ಕೇಳಿದ್ದೀರಿ. ಹೋಗಿ ಸರ್, ಖಂಡಿತ ಹೋಗಿ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಲೆಕ್ಕ ಕಲಿಸುವುದು ನಮ್ಮ ಕೆಲಸ, ನಿಮ್ಮದಲ್ಲ.

ಸುಮ್ನೆ "ಹೇಗೆ ಓದ್ತಾಳೆ?" ಅಂತ ಕೇಳಿದರೆ "ಪರವಾಗಿಲ್ಲ" ಅನ್ನುತ್ತೇವೆ, ಅಲ್ಲಿಗೆ ಮುಗೀತು. ನೋಟ್‌ಬುಕ್ ತೆಗೆಸಿ. ಕೆಂಪು ಇಂಕು ಎಲ್ಲಿ ಜಾಸ್ತಿ, ಯಾವ ಪುಟ ಅರ್ಧಕ್ಕೇ ನಿಂತಿದೆ ಅಂತ ನೋಡೋಕೆ ಡಿಗ್ರಿ ಬೇಕಾ? ಆ ಪುಟದ ದಿನ ಅವಳು ಶಾಲೆಗೆ ಬಂದಿದ್ದಳಾ ಅಂತ ಹಾಜರಿ ಪುಸ್ತಕದಲ್ಲಿ ನೋಡಿಸಿ. ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ತೊಂದರೆ.

ಇನ್ನೊಂದು, ಆಂತರಿಕ ಅಂಕ ಕೇಳಿ. ಒಟ್ಟು 625ರಲ್ಲಿ 125 ಶಾಲೆಯಲ್ಲೇ ಸಿಗುವುದು. ಕನ್ನಡ ಪ್ರಥಮ ಭಾಷೆಯಾದರೆ ಅದಕ್ಕೆ 25, ಉಳಿದ ಐದಕ್ಕೆ ತಲಾ 20. ಇವು ವರ್ಷವಿಡೀ ನಡೆಯುವ ಟೆಸ್ಟು, ಚಟುವಟಿಕೆಗಳಿಂದ ಬರುತ್ತವೆ. ಮಾರ್ಚ್‌ನಲ್ಲಿ ಕೇಳಿದರೆ ಏನೂ ಮಾಡೋಕಾಗಲ್ಲ.

ನಮ್ಮೆದುರು ಮಾತ್ರ ಅವಳನ್ನು ಬೈಬೇಡಿ. ಆಮೇಲೆ ಡೌಟು ಕೇಳೋಕೂ ಹೆದರುತ್ತಾರೆ, ಮುಖ್ಯವಾಗಿ ಹೆಣ್ಣುಮಕ್ಕಳು. ಸಭೆಯ ದಿನ ಕೂಲಿ ತಪ್ಪುತ್ತೆ ಅಂದರೆ ಬೇರೆ ದಿನ ಬೆಳಿಗ್ಗೆ, ಪ್ರಾರ್ಥನೆಗೆ ಮುಂಚೆ ಬನ್ನಿ. ಕ್ಲಾಸ್ ಟೀಚರ್ ಅಷ್ಟೊತ್ತಿಗೆ ಸಿಗುತ್ತಾರೆ.