ಲಸಿಕೆಯ ಚಿಂತೆ ಬಿಡು, ರಜೆಯ ಬಗ್ಗೆ ಯೋಚಿಸು

ಅಕ್ಕಾ ಅಂತ ಕರೆದು ಮೂರು ಪ್ರಶ್ನೆ ಕೇಳಿದ್ದೀಯ. ಇಂಗ್ಲೆಂಡಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ಬ್ಯಾಂಡ್ 5, ಅಂದರೆ ಆರಂಭದ ದರ್ಜೆಯ, ನರ್ಸ್ ಕೆಲಸ ಸಿಕ್ಕಿದೆ, ಹೊರಡುವ ತಯಾರಿಯಲ್ಲಿದ್ದೀಯ. ಲಸಿಕೆ ಹಾಕಿಸಿಕೊಳ್ಳದಿದ್ದರೆ ಕೆಲಸದಿಂದ ತೆಗೆಯುತ್ತಾರಾ? ಕೋವಿಡ್ ಥರ ಇನ್ನೊಂದು ಬಂದರೆ ರಜೆಯೆಲ್ಲಾ ರದ್ದಾ? ಆಗ ಮನೆಗೆ ಬಂದು ಹೋಗೋಕೆ ಆಗುತ್ತಾ? ಕೋವಿಡ್ ಕಾಲವನ್ನೆಲ್ಲಾ ಇಲ್ಲಿನ ವಾರ್ಡಿನಲ್ಲೇ ಕಳೆದವಳು ನಾನು, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಲಸಿಕೆ. 2020ರ ಡಿಸೆಂಬರ್ 8ರಂದು ಕವೆಂಟ್ರಿಯ ಆಸ್ಪತ್ರೆಯಲ್ಲಿ 90 ವರ್ಷದ ಮಾರ್ಗರೆಟ್ ಕೀನನ್ ಅವರಿಗೆ ಫೈಝರ್ ಲಸಿಕೆ ಕೊಟ್ಟಿದ್ದನ್ನು ನೀನೂ ಟಿವಿಯಲ್ಲಿ ನೋಡಿರಬಹುದು. ಆ ಸೂಜಿ ಹಾಕಿದ ಮೇ ಪಾರ್ಸನ್ಸ್ ಕೂಡ ನಮ್ಮ ಹಾಗೆ ಹೊರಗಿಂದ ಬಂದ ನರ್ಸೇ, ಫಿಲಿಪ್ಪೀನ್ಸಿನವರು. ಕೇರ್ ಹೋಮಿನಲ್ಲಿರುವ ಹಿರಿಯರು ಮತ್ತು ಅವರನ್ನು ನೋಡಿಕೊಳ್ಳುವವರು ಮೊದಲ ಸಾಲು. 80 ದಾಟಿದವರ ಜೊತೆ ನಾವು ಎರಡನೇ ಸಾಲು. ಎರಡು ಡೋಸ್ ನಡುವೆ ಮೂರು ವಾರ ಅಂದಿದ್ದರು. ಡಿಸೆಂಬರ್ 30ಕ್ಕೆ ಅದನ್ನು 12 ವಾರಕ್ಕೆ ಎಳೆದರು. ಎರಡನೇ ಡೋಸಿನ ತಾರೀಕು ಕೈಯಲ್ಲಿ ಹಿಡಿದುಕೊಂಡವರಿಗೂ ಇನ್ನೂ ಕಾಯಿರಿ ಅಂದಾಗ ಜನ ಸಿಟ್ಟಾದರು. ಆದರೆ ಹಾಕಿಸಿಕೊಳ್ಳಲೇಬೇಕು ಅಂತ ಆಗ ಯಾರೂ ಹೇಳಿರಲಿಲ್ಲ.

ಒತ್ತಾಯ ಶುರುವಾಗಿದ್ದು ಆಮೇಲೆ. 2021ರ ನವೆಂಬರ್ 11ರಿಂದ ಇಂಗ್ಲೆಂಡಿನ ಕೇರ್ ಹೋಮ್‌ಗಳಲ್ಲಿ ಲಸಿಕೆ ಕಡ್ಡಾಯವಾಯಿತು. ಎನ್‌ಎಚ್‌ಎಸ್‌ಗೆ 2022ರ ಏಪ್ರಿಲ್ 1 ಗಡುವು. ಅಷ್ಟರೊಳಗೆ ಎರಡು ಡೋಸ್ ಆಗಬೇಕಿದ್ದರಿಂದ ಮೊದಲನೆಯದಕ್ಕೆ ಫೆಬ್ರವರಿ 3 ಕೊನೇ ದಿನ. ಅದಕ್ಕೆ ಮೂರು ದಿನ ಇರುವಾಗ, ಜನವರಿ 31ಕ್ಕೆ, ಆರೋಗ್ಯ ಮಂತ್ರಿ ಸಾಜಿದ್ ಜಾವಿದ್ ಹಿಂದೆ ಸರಿದರು. ಮಾರ್ಚ್ 15ಕ್ಕೆ ಕೇರ್ ಹೋಮಿನ ನಿಯಮವೂ ಹೋಯಿತು. ಒಮಿಕ್ರಾನ್ ಅಷ್ಟು ತೀವ್ರವಲ್ಲ ಅನ್ನುವುದು ಸರ್ಕಾರ ಕೊಟ್ಟ ಕಾರಣ. ನನ್ನ ಪ್ರಕಾರ ಅಸಲಿ ಕಾರಣ ಬೇರೆ. ಮೊದಲೇ ಜನ ಸಾಲದ ವಾರ್ಡಿನಿಂದ ಇನ್ನೂ ನಾಲ್ಕು ಜನರನ್ನು ಕಳಿಸಿ ಕೆಲಸ ನಡೆಸುವುದು ಹೇಗೆ, ಅಲ್ವಾ? ಈಗ ಚಳಿಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಬಿಟ್ಟಿಯಾಗಿ ಕೊಡುತ್ತಾರೆ. ಹಾಕಿಸಿಕೋ, ಒಳ್ಳೆಯದು. ಬೇಡ ಅಂದರೂ ಕೆಲಸ ಹೋಗುವುದಿಲ್ಲ. ಕೋವಿಡ್ ಲಸಿಕೆಯನ್ನು 2025ರ ಚಳಿಗಾಲಕ್ಕೆ ಸ್ಟಾಫ್‌ಗೆ ಅಂತ ಕೊಡಲೇ ಇಲ್ಲ.

ನಿನಗೆ ನಿಜವಾಗಿ ಬೇಕಾಗಿರುವುದು ಹಳೇ ಲಸಿಕೆಗಳ ಕಾಗದ. ಕೆಲಸಕ್ಕೆ ಸೇರುವ ಮುಂಚೆ ಆಕ್ಯುಪೇಷನಲ್ ಹೆಲ್ತ್‌ನವರು, ಅಂದರೆ ಸಿಬ್ಬಂದಿಯ ಆರೋಗ್ಯ ನೋಡಿಕೊಳ್ಳುವ ವಿಭಾಗದವರು, ಕೇಳುತ್ತಾರೆ. ಹೆಪಟೈಟಿಸ್ ಬಿ ಆಗಿದೆಯಾ, ಆಂಟಿಬಾಡಿ ಎಷ್ಟಿದೆ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಎರಡು ಡೋಸ್ ಆಗಿದೆಯಾ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಬಂದಿತ್ತಾ, ಟಿಬಿ ಪರೀಕ್ಷೆ ಏನು ಹೇಳುತ್ತೆ. ಚಿಕ್ಕಂದಿನಲ್ಲಿ ಹಾಕಿಸಿದ್ದಾರೆ ಅಂದರೆ ಸಾಲದು. ಕಾಗದ ಇಲ್ಲದಿದ್ದರೆ ರಕ್ತ ಪರೀಕ್ಷೆ, ಬೇಕಿದ್ದರೆ ಮತ್ತೆ ಸೂಜಿ. ಈಗ ಕೆಲಸ ಮಾಡುತ್ತಿರುವ ಕಡೆ ಸಹಿ, ಸೀಲು ಹಾಕಿಸಿಕೊಂಡು ಬಾ. ಕಾಗದದ ವಿಷಯ ಸಣ್ಣದು ಅಂದುಕೊಳ್ಳಬೇಡ. ಆಸ್ಟ್ರಾಝೆನೆಕಾ ಲಸಿಕೆಯನ್ನೇ ನಮ್ಮಲ್ಲಿ ಕೋವಿಶೀಲ್ಡ್ ಅಂತ ಕೊಟ್ಟರು. ಆದರೂ ಭಾರತದಲ್ಲಿ ಹಾಕಿಸಿಕೊಂಡು ಬಂದವರನ್ನು ಇಲ್ಲಿನವರು ಪ್ರಯಾಣದ ನಿಯಮದಲ್ಲಿ 2021ರ ಅಕ್ಟೋಬರ್ 11ರವರೆಗೆ ಲಸಿಕೆ ಆಗದವರ ಲೆಕ್ಕದಲ್ಲಿಟ್ಟಿದ್ದರು. ಕೋವ್ಯಾಕ್ಸಿನ್‌ನವರು ನವೆಂಬರ್ 22ರವರೆಗೆ ಕಾಯಬೇಕಾಯಿತು.

ಇನ್ನು ರಜೆ. ಪೂರ್ತಿ ಅವಧಿಯ ಕೆಲಸವಾದರೆ ವರ್ಷಕ್ಕೆ 27 ದಿನ, ಜೊತೆಗೆ 8 ಬ್ಯಾಂಕ್ ಹಾಲಿಡೇ (ಸಾರ್ವಜನಿಕ ರಜೆ). ಐದು ವರ್ಷ ಆದ ಮೇಲೆ 29, ಹತ್ತಾದ ಮೇಲೆ 33. ಕೇಳೋಕೆ ಜಾಸ್ತಿ ಅನಿಸುತ್ತೆ. ಆದರೆ ವಾರ್ಡಿನಲ್ಲಿ ಲೆಕ್ಕ ಹಾಕುವುದು ಗಂಟೆಯಲ್ಲಿ. ದಿನಕ್ಕೆ 7.5 ಗಂಟೆಯಂತೆ 35 ದಿನಕ್ಕೆ 262.5 ಗಂಟೆ. ನೀನು ಮಾಡುವುದು ಲಾಂಗ್ ಡೇ. ಬ್ರೇಕ್ ಕಳೆದು ಸಾಮಾನ್ಯವಾಗಿ 11.5 ಗಂಟೆ. ಅಂಥ ಒಂದು ದಿನ ರಜೆ ಹಾಕಿದರೆ 11.5 ಗಂಟೆಯೇ ಹೋಗುತ್ತೆ. ವಾರಕ್ಕೆ 37.5 ಗಂಟೆಯಂತೆ, ಐದು ವಾರ ಮನೆಗೆ ಹೋಗಿ ಬಂದರೆ 187.5 ಗಂಟೆ ಖಾಲಿ. ಉಳಿದ 75ರಲ್ಲಿ ವರ್ಷ ಪೂರ್ತಿ ತಳ್ಳಬೇಕು.

ಬಹುತೇಕ ಕಡೆ ರಜೆಯ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. 2020ರ ಮಾರ್ಚ್ ಹೇಗಿತ್ತು ಅಂತ ಗೊತ್ತಲ್ಲ. ರಜೆ ಉಳಿದಿತ್ತು, ಕೊಡುವವರು ಯಾರೂ ಇರಲಿಲ್ಲ. ಸರ್ಕಾರ 26ಕ್ಕೆ ನಿಯಮ ತಂದಿತು. ಕೋವಿಡ್‌ನಿಂದಾಗಿ ತೆಗೆದುಕೊಳ್ಳೋಕೆ ಆಗದ ರಜೆಯಲ್ಲಿ ನಾಲ್ಕು ವಾರದವರೆಗೆ ಮುಂದಿನ ಎರಡು ವರ್ಷಕ್ಕೆ ಒಯ್ಯಬಹುದು ಅಂತ. ಅದೇ ದಿನ ರಾತ್ರಿ ಎಂಟಕ್ಕೆ ಜನ ಬಾಗಿಲಿಗೆ ಬಂದು ನಮಗೆ ಚಪ್ಪಾಳೆ ತಟ್ಟಿದ್ದು. ನನ್ನ ಕೇಳಿದರೆ ಚಪ್ಪಾಳೆಗಿಂತ ಆ ನಿಯಮವೇ ದೊಡ್ಡದು. ಆದರೆ ಕೂಡಿಟ್ಟ ರಜೆ ಎಫ್‌ಡಿ ಅಲ್ಲ, ಬೇಕೆಂದಾಗ ಮುರಿಸೋಕೆ. ಒಂದು ವಾರ್ಡಿನಿಂದ ಒಂದು ಸಲಕ್ಕೆ ಇಷ್ಟೇ ಜನ ಅಂತ ಮಿತಿ ಇರುತ್ತೆ. ಊರಿಗೆ ಹೋಗುವ ದಾರಿ ತೆರೆದಾಗ ಎಲ್ಲರ ಹತ್ತಿರವೂ ರಜೆ ಗುಡ್ಡೆ ಬಿದ್ದಿತ್ತು, ಎಲ್ಲರಿಗೂ ಅದೇ ತಿಂಗಳು ಬೇಕಿತ್ತು. ಕೆಲವು ಆಸ್ಪತ್ರೆಗಳು ಹಣ ಕೊಟ್ಟು ವಾಪಸ್ ಕೊಂಡವು. ಅದೂ ಕಾನೂನು ಹೇಳುವ 28 ದಿನಕ್ಕಿಂತ ಮೇಲಿನದ್ದನ್ನು ಮಾತ್ರ. ಕೆಲಸ ಬಿಡದೆ ಆ 28 ದಿನಕ್ಕೆ ಬದಲಾಗಿ ಹಣ ಕೊಡುವ ಹಾಗಿಲ್ಲ.

ಮಂಜೂರಾದ ರಜೆಯನ್ನು ರದ್ದು ಮಾಡಬಹುದಾ ಅಂದರೆ, ಮಾಡಬಹುದು. ಒಪ್ಪಂದದಲ್ಲಿ ಬೇರೆ ಇಲ್ಲದಿದ್ದರೆ ರಜೆ ಎಷ್ಟು ದಿನದ್ದೋ ಕನಿಷ್ಠ ಅಷ್ಟು ದಿನ ಮೊದಲು ತಿಳಿಸಬೇಕು. ಎರಡು ವಾರದ ರಜೆಗೆ ಎರಡು ವಾರ ಮೊದಲು. ಇದು ಗೊತ್ತಿಲ್ಲದೆ, ಹಿಂದಿನ ದಿನ ಫೋನ್ ಬಂದರೂ ಹ್ಞೂಂ ಅಂದು ಟಿಕೆಟ್ ಹರಿದು ಹಾಕುವವರು ನಮ್ಮ ಕಡೆಯವರೇ ಜಾಸ್ತಿ. ನಮಗೆ ಎದುರು ಮಾತಾಡಿ ಅಭ್ಯಾಸ ಇಲ್ಲ ನೋಡು. ಇನ್ನೊಂದು ವಿಷಯ: ಲಸಿಕೆ ಹಾಕಿಸಿಕೊಂಡು ಜ್ವರ ಬಂದು ಮಲಗಿದರೆ ಅದು ಸಿಕ್ ಲೀವ್. ರಜೆಯಲ್ಲಿ ಕಳೆಯೋಕೆ ಬಿಡಬೇಡ. ಕೋವಿಡ್ ಬಂದವರಿಗೆ ಪೂರ್ತಿ ಸಂಬಳದ ವಿಶೇಷ ರಜೆ ಇತ್ತು, 2022ರ ಜುಲೈ 7ಕ್ಕೆ ನಿಂತಿತು. ಈಗ ಮೊದಲ ವರ್ಷದವರಿಗೆ ಒಂದು ತಿಂಗಳು ಪೂರ್ತಿ ಸಂಬಳ, ಎರಡು ತಿಂಗಳು ಅರ್ಧ, ಅಷ್ಟೇ.

ಮನೆಗೆ ಹೋಗುವ ಪ್ರಶ್ನೆಗೆ ಸಮಾಧಾನದ ಉತ್ತರ ಇಲ್ಲ. 2021ರ ಏಪ್ರಿಲ್ 23ಕ್ಕೆ ಭಾರತವನ್ನು ರೆಡ್ ಲಿಸ್ಟಿಗೆ, ಅಂದರೆ ಕೋವಿಡ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಗೆ, ಹಾಕಿದರು. ವಾಪಸ್ ಬಂದವರು ಹತ್ತು ದಿನ ಹೋಟೆಲ್ ರೂಮಿನಲ್ಲಿ, ಒಬ್ಬರಿಗೆ 1,750 ಪೌಂಡ್, ಸ್ವಂತ ಜೇಬಿಂದ. ಆ ಹತ್ತು ದಿನವೂ ಎಷ್ಟೋ ಜನರಿಗೆ ರಜೆಯಲ್ಲೇ ಹೋಯಿತು, ಇಲ್ಲ ಸಂಬಳ ಕಡಿತ. ಆಗಸ್ಟ್ 8ರವರೆಗೆ ಇದೇ ಕಥೆ. ಅಪ್ಪ ಅಮ್ಮ ಹೋದರೂ ಫೋನಿನಲ್ಲೇ ನೋಡಿದವರಿದ್ದಾರೆ. ಅಂಥ ಕಾಲ ಮತ್ತೆ ಬಂದರೆ ಮ್ಯಾನೇಜರ್ ಎಷ್ಟೇ ಒಳ್ಳೆಯವನಾದರೂ ಏನೂ ಮಾಡಲಾರ. ಇದನ್ನು ಮನೆಯವರಿಗೂ ಈಗಲೇ ಹೇಳಿಡು.

ಬಂದ ಮೊದಲ ವಾರದಲ್ಲೇ ಆರ್‌ಸಿಎನ್ (ನರ್ಸ್‌ಗಳ ಸಂಘ) ಅಥವಾ ಯೂನಿಸನ್ ಯಾವುದಾದರೂ ಒಂದು ಯೂನಿಯನ್ ಸೇರು. ಓಸ್ಕಿ (ಹೊರಗಿಂದ ಬಂದ ನರ್ಸ್‌ಗಳು ಇಲ್ಲಿ ಬರೆಯಬೇಕಾದ ಪ್ರಾಯೋಗಿಕ ಪರೀಕ್ಷೆ) ಪಾಸಾಗುವ ತನಕ ರಜೆ ಕೇಳೋದು ಹೇಗೆ ಅಂತ ಸುಮ್ನೆ ಕೂರಬೇಡ. ಆಗಸ್ಟ್, ಕ್ರಿಸ್‌ಮಸ್ ವಾರಗಳು ಮೊದಲೇ ತುಂಬಿಬಿಡುತ್ತವೆ. ಕಾರಿಡಾರಿನಲ್ಲಿ ಬಾಯಲ್ಲಿ ಕೇಳಿ ಆಯಿತು ಅಂದುಕೊಳ್ಳಬೇಡ, ರೋಸ್ಟರ್ ಆ್ಯಪ್‌ನಲ್ಲಿ ಹಾಕು. ಅಪ್ರೂವ್ಡ್ ಅಂತ ಬಂದ ಮೇಲೆ ಅದರ ಫೋಟೋ ತೆಗೆದಿಟ್ಟುಕೋ. ಟಿಕೆಟ್ ಬುಕ್ ಮಾಡುವುದು ಆಮೇಲೆ.